ರಂಗೋಲಿ ದಾಟದವರು

ನಮ್ಮ ಸ್ಟಾಲಿಗೆ ಟೇಬಲ್ಲೇ ಬೇಡ ಎಂದಿದ್ದೆ. ಬಾಳೆನಾರಿನ ಚಾಪೆ ಹಾಸಿ, ಬಂದವರನ್ನು ಕೂರಿಸಿ, ಚೀಲಗಳನ್ನು ಕೈಗೇ ಕೊಟ್ಟು ಮಾತಾಡಿಸಬೇಕು ಎನ್ನುವುದು ನನ್ನ ಪ್ಲಾನು. ನಾರಿನ ಸಾಮಾನನ್ನು ಮುಟ್ಟಿ ನೋಡದೆ ಯಾರು ಕೊಳ್ಳುತ್ತಾರೆ?

ಮಾಲೀಕ ನಂಜುಂಡೇಶ್ ಅವರಿಗೆ ಕಳ್ಳರ ಭಯ. ನಂಜನಗೂಡಿನ ಕಲ್ಯಾಣ ಮಂಟಪದಲ್ಲಿ ಖರೀದಿದಾರರ ಮೇಳ. ನಾನು ಒಳಗೆ ಚೀಲ ತೂಗುಹಾಕುತ್ತಿರುವಾಗಲೇ ಸ್ಟಾಲಿನ ಈ ಪ್ಲೈವುಡ್ ಗೋಡೆಯಿಂದ ಆ ಗೋಡೆಯವರೆಗೆ ಉದ್ದ ಟೇಬಲ್ ಅಡ್ಡ ಹಾಕಿಸಿದರು.

"ಇಂದ್ರಾಣಿ, ಇವತ್ತು ಒಂದಾದ್ರೂ ಗಟ್ಟಿ ಪಾರ್ಟಿ ನಿಂತು ಮಾತಾಡ್ಬೇಕು. ಆಡುದ್ರೆ ಮುಂದಿನ ಸ್ಟಾಲೆಲ್ಲ ನಿನ್ ಪ್ಲಾನೇ. ಇಲ್ದಿದ್ರೆ ಮೂಗೂರು ಶೆಡ್ಡಿಗೆ ವಾಪಸ್ ಹೋಗಿ ನಾರು ಎಳೀತಿರು" ಎಂದರು.

ಆ ಶೆಡ್ಡಿನ ಹೆಸರು ಕೇಳಿದರೇ ನನ್ನ ಬೆರಳುಗಳು ಉರಿಯುತ್ತವೆ.

ಅಷ್ಟರಲ್ಲಿ ಅವರ ತಾಯಿ ಮಂಗಳಗೌರಮ್ಮ ಬಂದು ಟೇಬಲ್ ಮುಂದಿನ ನೆಲದ ತುಂಬ ರಂಗೋಲಿ ಬಿಟ್ಟರು. ಟೇಬಲ್ ಮೇಲೆ ನಂಜುಂಡೇಶ್ವರನ ಫೋಟೋ ಇಟ್ಟು ಊದುಬತ್ತಿ ಹಚ್ಚಿದರು.

"ಅವ್ವಾರೇ, ಅದು ಜನ ನಿಲ್ಲೋ ಜಾಗ ಕಣ್ರವ್ವ."

"ಲಕ್ಷಣವಾಗದೆ, ಸುಮ್ಕಿರವ್ವ."

ಲಕ್ಷಣವಾಗಿಯೇ ಇತ್ತು. ಜನ ಬಂದರು, ರಂಗೋಲಿಯಾಚೆಯೇ ಚಪ್ಪಲಿ ಬಿಟ್ಟರು, ಕೈ ಮುಗಿದರು, ಹೋದರು. ರಂಗೋಲಿ ತುಳಿಯುವ ಧೈರ್ಯ ಯಾರಿಗಿದೆ? ಹಿರಿಯರೊಬ್ಬರು ಅಲ್ಲಿಂದಲೇ ಕೈಚಾಚಿ ತೀರ್ಥ ಕೇಳಿದರು.

"ನೋಡ್ದಾ, ಎಷ್ಟು ಜನ ಬತ್ತಾವ್ರೆ!" ಎಂದು ನಂಜುಂಡೇಶ್ ಹಿಗ್ಗಿದರು. ನನಗೆ ಕಿರುಚಿಕೊಳ್ಳಬೇಕು ಅನ್ನಿಸಿತು.

ಮಧ್ಯಾಹ್ನ ಕವನ ಬಂದರು. ಮೈಸೂರಿನ ದೊಡ್ಡ ಅಂಗಡಿಗಳಿಗೆ ಸಾಮಾನು ಆರಿಸುವವರು. ಫೋನಿನಲ್ಲಿ ಗೋಗರೆದು ನಾನೇ ಕರೆಸಿಕೊಂಡಿದ್ದೆ. ಅವರೂ ಕೈ ಮುಗಿದರು. ದೂರದಿಂದಲೇ ಚೀಲಗಳತ್ತ ಕತ್ತು ಚಾಚಿ ನೋಡಿ, "ಪೂಜೆ ಮುಗೀಲಿ, ಆಮೇಲೆ ಬರ್ತೀನಿ" ಎಂದು ತಿರುಗಿದರು.

ಮೇಳದಲ್ಲಿ 'ಆಮೇಲೆ' ಎಂದರೆ ಇಲ್ಲ ಎಂದೇ ಅರ್ಥ. ಮೂರು ಕಡೆ ಪ್ಲೈವುಡ್ಡು, ಎದುರಿಗೆ ಟೇಬಲ್ಲು, ಟೇಬಲ್ ಮೇಲೆ ದೇವರು. ಉಳಿದಿದ್ದು ಕೆಳಗಿನ ದಾರಿ ಒಂದೇ. ಚಾಪೆಯನ್ನೂ ಒಂದು ಚೀಲವನ್ನೂ ಕಂಕುಳಿಗೆ ಸಿಕ್ಕಿಸಿಕೊಂಡು, ಟೇಬಲ್ ಬಟ್ಟೆ ಎತ್ತಿ, ಅಂಬೆಗಾಲಿಟ್ಟು ರಂಗೋಲಿಯ ಮೇಲೆಯೇ ಹೊರಗೆ ಬಂದೆ.

"ಮೇಡಂ, ಒಂದ್ನಿಮಿಷ ಕೂತ್ಕಳಿ!"

ಮೈಯೆಲ್ಲ ರಂಗೋಲಿಯಾಗಿದ್ದ ನನ್ನನ್ನು ಕಂಡು ಕವನ ಜೋರಾಗಿ ನಕ್ಕರು. ಅಳಿಸಿಹೋದ ರಂಗೋಲಿಯ ಮೇಲೆ ಚಾಪೆ ಹಾಸಿದೆ, ಕೂತರು. ಚೀಲವನ್ನು ಹಿಂಡಿದರು, ಎಳೆದರು, ಮೂಸಿದರು. ಟೀ ತರಿಸಿ ಕುಡಿಯುವಷ್ಟು ಮಾತಾಯಿತು. ಮುಂದಿನ ವಾರ ಮೂಗೂರಿಗೇ ಬಂದು ಆರ್ಡರ್ ಕೊಡುತ್ತೇನೆಂದು ಎದ್ದರು.

ಮಂಗಳಗೌರಮ್ಮ ಮುಖ ತಿರುಗಿಸಿಕೊಂಡರು. ನಂಜುಂಡೇಶರ ಮುಖ ಮಾತ್ರ ಊರಗಲವಾಗಿತ್ತು.

"ಪ್ಲಾನ್ ಅಂದ್ರೆ ಇದು ಕಣಮ್ಮ! ಇನ್ಮೇಲೆ ಎಲ್ಲಾ ಮೇಳಕ್ಕೂ ಇದೇ. ಟೇಬಲ್ ಇರ್ಲಿ, ಅವ್ವ ರಂಗೋಲಿ ಬಿಡ್ಲಿ, ನೀನು ಇಂಗೇ ಕೆಳಗಿಂದ ತೂರ್ಕಂಡು ಬಾ. ಜನ ನಗ್ತಾರೆ, ಕೂತ್ಕತಾರೆ."

"ಸಾ, ನನ್ ಪ್ಲಾನು ಅದಲ್ಲ..."

"ಮತ್ತೆ ಯಾರ್ದು? ನಿಂದೇ ಅಲ್ವಾ? ಬೇಗ ಒಳಗೋಗು, ಅಲ್ಯಾರೋ ಬತ್ತಾವ್ರೆ."

ಟೇಬಲ್ ಬಟ್ಟೆ ಎತ್ತಿ ಒಳಗೆ ನುಸುಳಿದೆ. ಹೊರಗೆ ಮಂಗಳಗೌರಮ್ಮ ಚಾಪೆ ಸುತ್ತಿಟ್ಟು, ಹೊಸದಾಗಿ ಚುಕ್ಕಿ ಇಡತೊಡಗಿದ್ದರು.