ಹೆಸರಿಗೆ ಐದು ಅಕ್ಷರ

ಲಕ್ವಾ ಹೊಡೆದ ಮೇಲೆ ಬೊಮ್ಮಯ್ಯ ಮಾಸ್ತರರ ಬಾಯಲ್ಲಿ ಉಳಿದದ್ದು ‘ಹಾಂ’ ಎಂಬ ಒಂದೇ ಶಬ್ದ. ಬೇಕು ಎಂಬುದಕ್ಕೂ ಅದೇ, ಬೇಡ ಎಂಬುದಕ್ಕೂ ಅದೇ. ಅಂಕೋಲೆಯ ಹೈಸ್ಕೂಲಿನಲ್ಲಿ ನಿವೃತ್ತಿಯ ತನಕ ಇಂಗ್ಲಿಷ್ ಕಲಿಸಿದವರು ಅವರು. ಪೇಟೆಗೆ ಹೋದರೆ ದಾರಿಯುದ್ದಕ್ಕೂ ಹಳೆಯ ವಿದ್ಯಾರ್ಥಿಗಳು ಸಿಕ್ಕಿ, ಮಾತಾಡಿ ಮುಗಿಸಿ ಮನೆ ಸೇರುವಾಗ ಊಟದ ಹೊತ್ತು ಮೀರಿರುತ್ತಿತ್ತು. ಈಗ ಜಗಲಿಯ ಕುರ್ಚಿಯಲ್ಲಿ, ಜೀವವಿಲ್ಲದ ಬಲಗೈಯನ್ನು ಮಡಿಲಲ್ಲಿಟ್ಟುಕೊಂಡು ಕೂತಿರುತ್ತಿದ್ದರು. ಹೆಂಡತಿ ಗಂಗೂ ಪಕ್ಕದಲ್ಲಿ ಕೂತು ಅವರ ಮುಖವನ್ನೇ ನೋಡುತ್ತಿದ್ದಳು. ಅವಳು ಸರಿಯಾಗಿ ಉಣ್ಣುವುದನ್ನೂ ಬಿಟ್ಟಿದ್ದಳು.

ಕಾರವಾರದ ಆಸ್ಪತ್ರೆಯಲ್ಲಿ ಮಾತಿನ ಚಿಕಿತ್ಸೆ ಕೊಡುವ ಪ್ರೀತಿ ಎಂಬ ಹುಡುಗಿ ಚಿತ್ರ ತೋರಿಸಿದಳು, ಹಾಡು ಹೇಳಿಸಲು ನೋಡಿದಳು. ಯಾವುದೂ ಆಗಲಿಲ್ಲ. ಕೊನೆಗೆ, “ಅವರಿಗೆ ತುಂಬಾ ರೂಢಿ ಇದ್ದ ಕೆಲಸ ಏನಾದರೂ ಇತ್ತಾ?” ಎಂದು ಕೇಳಿದಳು.

ಸೊಸೆ ರಕ್ಷಿತಾಗೆ ನೆನಪಾಯಿತು. ಅವಳೂ ಮಾಸ್ತರರ ಕೈಯಲ್ಲಿ ಕಲಿತವಳೇ. ಶುಕ್ರವಾರದ ಕೊನೆಯ ಪಿರಿಯಡ್ಡಿನಲ್ಲಿ ಅವರು ಬೋರ್ಡಿನ ಮೇಲೆ ಕೆಲವು ಇಂಗ್ಲಿಷ್ ಅಕ್ಷರ ಬರೆದು, ಇವು ಸೇರಿ ಆಗುವ ಪದಗಳನ್ನು ಹುಡುಕಿ ಎನ್ನುತ್ತಿದ್ದರು. ಮಕ್ಕಳು ಸೋತ ಮೇಲೆ ತಾವೇ ಒಂದರ ಹಿಂದೊಂದು ಪದ ಬರೆಯುತ್ತ ಬೋರ್ಡು ತುಂಬಿಸುತ್ತಿದ್ದರು. ಗಂಟೆ ಹೊಡೆದರೂ ಯಾರೂ ಏಳುತ್ತಿರಲಿಲ್ಲ.

ಮನೆಗೆ ಬಂದವಳೇ ರಕ್ಷಿತಾ ರಟ್ಟು ಕತ್ತರಿಸಿ ಅಕ್ಷರ ಬರೆದಳು. ಟಿ, ಇ, ಎ, ಎಸ್ ಅನ್ನು ಟ್ರೇಯಲ್ಲಿಟ್ಟು ಮಾವನ ಮುಂದೆ ಹಿಡಿದಳು. ಅವರು ಬಹಳ ಹೊತ್ತು ಸುಮ್ಮನೆ ನೋಡಿದರು. ಆಮೇಲೆ ಎಡಗೈ ಮೆಲ್ಲಗೆ ಮುಂದೆ ಬಂತು. ‘ಸೀಟ್’ ಎಂದು ಜೋಡಿಸಿದರು. ಅದನ್ನು ಕೆಡಿಸಿ ‘ಈಸ್ಟ್’. ಅದನ್ನೂ ಕೆಡಿಸಿ, ಎಸ್ ಅನ್ನು ಬದಿಗೆ ಸರಿಸಿ, ‘ಟೀ’.

“ಎಂತ ಹೇಳ್ತರೆ?” ಗಂಗೂ ಬಗ್ಗಿ ಕೇಳಿದಳು. ಅವಳಿಗೆ ಕನ್ನಡ ಓದಲು ಬರುತ್ತಿತ್ತು, ಇಂಗ್ಲಿಷ್ ಬರುತ್ತಿರಲಿಲ್ಲ.

“ಚಹಾ ಅಂತ.”

ಗಂಗೂ ಆಗಲೇ ಒಳಗೆ ಹೋಗಿಯಾಗಿತ್ತು. ಚಹಾ ತಂದಳು, ಬಸಿಯಲ್ಲಿ ಆರಿಸಿ ಕುಡಿಸಿದಳು. ಮಾಸ್ತರರು ಕುಡಿದರು. ಆ ದಿನ ಅವಳೂ ಹೊಟ್ಟೆ ತುಂಬ ಉಂಡಳು.

ಪದ ಸಿಗುವುದು ಬೇರೆ, ಮನಸ್ಸಿನಲ್ಲಿದ್ದದ್ದನ್ನು ಹೇಳುವುದು ಬೇರೆ ಎಂದು ಪ್ರೀತಿ ಫೋನಿನಲ್ಲಿ ಬಿಡಿಸಿ ಹೇಳಿದಳು. ಅದು ಹಳೆಯ ರೂಢಿ, ಮಾತಲ್ಲ. ರಕ್ಷಿತಾ ಅದನ್ನು ಅತ್ತೆಗೆ ದಾಟಿಸಲಿಲ್ಲ. ಮರುದಿನ ‘ನೆಟ್’ ಬಂದಾಗ, “ಸೊಳ್ಳೆ ಪರದೆ ಸರಿ ಕಟ್ಟಬೇಕಂತೆ” ಎಂದಳು. ‘ಲೇಟ್’ ಬಂದಾಗ, “ಊಟ ತಡ ಆಯ್ತಂತೆ” ಎಂದಳು. ಗಂಗೂ ಮೊದಲಿನ ಹಾಗೆ ಗಂಡನಿಗೆ ಎದುರಾಡತೊಡಗಿದಳು. “ಒಲೆ ಮುಂದೆ ನಿಂತು ನೋಡಿ, ಆಗ ಗೊತ್ತಾಗೂದು ತಡ ಯಾಕೆ ಅಂತ.” ಮಾಸ್ತರರು ‘ಹಾಂ’ ಎನ್ನುತ್ತಿದ್ದರು.

ಮಗ ರೂಪೇಶ ಕದ್ರಾದ ವಿದ್ಯುತ್ ಕೇಂದ್ರದಲ್ಲಿ ಕೆಲಸಕ್ಕಿದ್ದ. ರಜೆಯಲ್ಲಿ ಬಂದವನು ಇದನ್ನೆಲ್ಲ ನೋಡಿ, ಹೆಂಡತಿಯನ್ನು ಬದಿಗೆ ಕರೆದು ಕೇಳಿದ: “ಅಪ್ಪ ಖರೇ ಹಂಗೆಲ್ಲ ಹೇಳ್ತರಾ?”

“ಅತ್ತೆ ಉಣ್ಣೂಕೆ ಶುರು ಮಾಡಿರು. ಅಷ್ಟು ಸಾಕಲ್ಲ.”

ಗದ್ದೆ ಕೊಯ್ಲು ಮುಗಿದ ಮೇಲೆ ಒಂದು ಮಧ್ಯಾಹ್ನ ಗಂಗೂ ಸೊಸೆಯ ಹತ್ತಿರ ಬಂದು ಕೂತಳು. ಕೇಳಲೋ ಬೇಡವೋ ಎನ್ನುವ ಹಾಗೆ ಸೆರಗನ್ನು ಬೆರಳಿಗೆ ಸುತ್ತುತ್ತಿದ್ದಳು.

“ನನ್ನ ಹೆಸ್ರು ಇಂಗ್ಲಿಷಲ್ಲಿ ಎಷ್ಟು ಅಕ್ಷರ?”

“ಐದು, ಅತ್ತೆ.”

“ಆ ಐದೇ ಕೊಡು. ಬೇರೆ ಎಂತದೂ ಬೇಡ.”

ರಕ್ಷಿತಾ ಬೇಡವೆನ್ನಲಾರದೆ ಜಿ, ಎ, ಎನ್, ಜಿ, ಯು ಆರಿಸಿ ಟ್ರೇಯಲ್ಲಿಟ್ಟಳು. ಮಾಸ್ತರರು ಮೊದಲು ‘ಗನ್’ ಮಾಡಿದರು, ಕೆಡಿಸಿದರು. ಆಮೇಲೆ ಒಂದೊಂದೇ ಅಕ್ಷರ ಸರಿಸುತ್ತ ‘ಗ್ಯಾಂಗ್’ ಎಂದು ಜೋಡಿಸಿದರು. ಇನ್ನು ಯು ಒಂದನ್ನು ಕೊನೆಗಿಟ್ಟರೆ ಹೆಸರು ಪೂರ್ತಿಯಾಗುತ್ತಿತ್ತು. ರಕ್ಷಿತಾ ಕಾದಳು. ಅವರು ಆ ಯು ಅನ್ನು ಕೈಗೆತ್ತಿಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿ, ಬೇಡದ ಅಕ್ಷರವೆಂದು ಅವಳ ಕೈಗೆ ಕೊಟ್ಟರು.

“ಬರ್ದರಾ?” ಗಂಗೂ ಕೇಳಿದಳು.

“ಹೌದತ್ತೆ. ನಿಮ್ಮ ಹೆಸರೇ.”

ಗಂಗೂ ಟ್ರೇಯ ಮೇಲೆ ಬಗ್ಗಿದಳು. ಅಕ್ಷರಗಳ ಮೇಲೆ ಬೆರಳಿಡುತ್ತ ಹೋದಳು.

“ಐದು ಅಂದಿದ್ದೆ ಅಲ್ದೆ ನೀನು? ಇಲ್ಲಿ ನಾಕೇ ಉಂಟು.”

ರಕ್ಷಿತಾ ಯು ಇದ್ದ ಕೈಯನ್ನು ಹಿಂದೆ ಸರಿಸಿದಳು.

“ಒಂದು ನಿನ್ನ ಕೈಯಲ್ಲಿ ಉಂಟು.”

“ಅದು ನಿಮ್ಮ ಹೆಸರಲ್ಲ ಅತ್ತೆ. ಗುಂಪು ಅಂತ ಅದರ ಅರ್ಥ.”

“ಅಂದು ಚಹಾ ಕೇಳಿದ್ದು?”

“ಕೇಳಲಿಲ್ಲ. ಪದ ಸಿಕ್ತು, ಇಟ್ರು. ಅಷ್ಟೇ.”

“ಸೊಳ್ಳೆ ಪರ್ದೆ?”

ರಕ್ಷಿತಾ ತಲೆ ತಗ್ಗಿಸಿದಳು. ಗಂಗೂ ಗಂಡನ ಕಡೆ ತಿರುಗಿದಳು. ಅವರು ಇನ್ನೂ ಟ್ರೇಯನ್ನೇ ನೋಡುತ್ತಿದ್ದರು, ಮುಂದಿನ ಅಕ್ಷರಗಳಿಗಾಗಿ ಕಾಯುತ್ತ.

“ನಾ ಅವರ ಹತ್ರ ಜಗಳ ಮಾಡ್ತಿದ್ನಲ್ಲೇ, ಅವ್ರು ಆಡದೇ ಇದ್ದ ಮಾತಿಗೆ,” ಎಂದಳು. ಎದ್ದು ಹಿತ್ತಲಿಗೆ ಹೋದಳು. ರಕ್ಷಿತಾ ಹಿಂದೆಯೇ ಹೋಗಿ, “ತಪ್ಪಾಯ್ತು ಅತ್ತೆ” ಎಂದಾಗ, “ನೀ ಒಳ್ಳೇದಕ್ಕೇ ಮಾಡಿದ್ದೆ, ಹೋಗು” ಎಂದಳು. ತಿರುಗಿ ನೋಡಲಿಲ್ಲ.

ಕೆಲವು ದಿನ ಅವಳು ಗಂಡನಿಗೆ ಉಣಿಸುವುದು, ಮೀಯಿಸುವುದು ಎಲ್ಲವನ್ನೂ ಬಾಯಿ ಬಿಡದೆ ಮಾಡಿದಳು. ಮನೆಯಲ್ಲಿ ಮಾತು ನಿಂತವರು ಇಬ್ಬರಾದರು. ಆಮೇಲೊಂದು ಬೆಳಿಗ್ಗೆ ತಾನೇ ಟ್ರೇ ತಂದು, ಕೈಗೆ ಸಿಕ್ಕ ಅಕ್ಷರಗಳನ್ನು ಹರಡಿದಳು. ಕೆಲವು ತಲೆಕೆಳಗಾಗಿದ್ದವು. ಮಾಸ್ತರರು ಅವನ್ನು ಒಂದೊಂದಾಗಿ ಸರಿ ಮಾಡಿಕೊಂಡರು.

“ನೀವು ನಿಮ್ದು ಮಾಡಿ. ನಾ ನಂದು ಹೇಳ್ತೆ,” ಎಂದಳು.

ಅಂದಿನಿಂದ ಹಾಗೇ ನಡೆಯಿತು. ಅವರು ಪದ ಜೋಡಿಸುತ್ತಿದ್ದರು, ಕೆಡಿಸುತ್ತಿದ್ದರು. ಅವಳು ಆಚೆಮನೆಯ ಸುಬ್ಬಿಯ ಮಗಳ ಬಾಣಂತನ, ಗದ್ದೆಗೆ ನುಗ್ಗಿದ ದನ, ಹಳಸಿದ ಸಾರು ಎಲ್ಲವನ್ನೂ ಹೇಳುತ್ತಿದ್ದಳು. ಯಾವ ಪದಕ್ಕೂ ಅರ್ಥ ಕೇಳುತ್ತಿರಲಿಲ್ಲ. ಒಂದು ಸಲ ರಕ್ಷಿತಾ ಬಾಗಿಲ ಹಿಂದೆ ನಿಂತಾಗ ಬೇರೆ ಮಾತು ಕಿವಿಗೆ ಬಿತ್ತು.

“ಊರ ಮಕ್ಕಳಿಗೆಲ್ಲ ಕಲ್ಸಿದ್ರಿ. ನಂಗೆ ಒಂದಕ್ಷರ ಕಲ್ಸೂಕೆ ನಿಮ್ಗೆ ಪುರಸೊತ್ತು ಆಗ್ಲಿಲ್ಲ. ನಾ ಕೇಳ್ಲೂ ಇಲ್ಲ ಅನ್ನಿ. ಕೇಳಬೇಕಿತ್ತು.”

“ಹಾಂ,” ಎಂದರು ಮಾಸ್ತರರು. ಅವರ ಕಣ್ಣಿಂದ ನೀರಿಳಿಯುತ್ತಿತ್ತು. ಲಕ್ವಾ ಆದವರಿಗೆ ಕಾರಣವಿಲ್ಲದೆಯೂ ಅಳು ಬರುತ್ತದೆ ಎಂದು ಪ್ರೀತಿ ಹೇಳಿದ್ದಳು. ಗಂಗೂ ಸೆರಗಿನಿಂದ ಅವರ ಕೆನ್ನೆ ಒರೆಸಿದಳು. ಯಾಕೆಂದು ಯಾರನ್ನೂ ಕೇಳಲಿಲ್ಲ.

ಬೇಸಿಗೆ ಶುರುವಾಗುವ ಹೊತ್ತಿಗೆ ಲಕ್ವಾ ಎರಡನೆಯ ಸಲ ಹೊಡೆಯಿತು. ಕಾರವಾರದ ಆಸ್ಪತ್ರೆಗೆ ಸಾಗಿಸಿದರು. ಕದ್ರಾದಿಂದ ರೂಪೇಶ ನೇರವಾಗಿ ಅಲ್ಲಿಗೇ ಬಂದ. ಹಗಲು ಕಳೆದು ರಾತ್ರಿಯೂ ಕಳೆಯಿತು. ಬೆಳಿಗ್ಗೆ ಹೊರಗಿನ ಊರಿನ ಒಬ್ಬ ಎಳೆಯ ಡಾಕ್ಟರು ಬಂದು ರೂಪೇಶನ ಹೆಗಲ ಮೇಲೆ ಕೈಯಿಟ್ಟು ಇಂಗ್ಲಿಷಿನಲ್ಲಿ ಮೆಲ್ಲಗೆ ಏನೋ ಹೇಳಿದ. ರೂಪೇಶ ತಾಯಿಯ ಕಡೆ ತಿರುಗಿದ.

“ಗೊತ್ತಾಯ್ತು ಮಗಾ,” ಎಂದಳು ಗಂಗೂ.

ಮಧ್ಯಾಹ್ನ ಮಾಸ್ತರರ ದೇಹದೊಂದಿಗೆ ಆಂಬುಲೆನ್ಸಿನಲ್ಲಿ ಮನೆಗೆ ಹೊರಟರು. ರೂಪೇಶ ಡ್ರೈವರನ ಪಕ್ಕ ಕೂತ, ಅತ್ತೆ ಸೊಸೆ ಹಿಂದೆ. ಬಿಣಗಾದ ಕಾರ್ಖಾನೆಯ ಎದುರು ಪಾಳಿ ಮುಗಿಸಿದವರು ಬಸ್ಸಿಗೆ ಕಾಯುತ್ತಿದ್ದರು. ಅಮದಳ್ಳಿ ದಾಟುವಾಗ ರಸ್ತೆ ತಿರುಗಿ, ಕಿಟಕಿಯಿಂದ ಬಿಸಿಲು ಸೀದಾ ಮಾಸ್ತರರ ಮುಖದ ಮೇಲೆ ಬಿತ್ತು.

“ತಂಗಿ,” ಎಂದು ಸೊಸೆಯನ್ನು ಕರೆದಳು ಗಂಗೂ. “ಆ ಕಿಟಕಿ ಪರ್ದೆ ಎಳಿ. ಅವ್ರಿಗೆ ಬಿಸ್ಲು ತಾಗ್ತದೆ.”

ರಕ್ಷಿತಾ ಪರದೆ ಎಳೆದಳು. ಅದು ಪೂರ್ತಿ ಮುಚ್ಚುವಂತಿರಲಿಲ್ಲ. ಉಳಿದ ಸಂದಿಗೆ ಅಂಗೈ ಅಡ್ಡ ಹಿಡಿದು, ಅಂಕೋಲೆ ಬರುವ ತನಕ ಹಾಗೇ ಕೂತಳು.