ಎಡಗಡೆಯ ಸ್ಟೇರಿಂಗು

ವ್ಯಾಗನ್ನಿನ ಮೇಲೆ ಗಾಡಿಗೆ ಹೊದಿಸಿದ ತಾಡಪತ್ರಿಯ ಒಂದು ಮೂಲೆ ಹಗ್ಗ ಬಿಚ್ಚಿಕೊಂಡು ಗಾಳಿಗೆ ಪಟಪಟ ಬಡಿದುಕೊಳ್ಳುತ್ತಿತ್ತು, ಅದರ ಕೆಳಗೆ ಒಂದು ಗಾಲಿ, ಬರೀ ಒಂದು ಗಾಲಿ, ಮಣ್ಣು ಮೆತ್ತಿದ ಹಳೇ ಟೈರು, ಆ ಮಣ್ಣು ಕಲಕತ್ತೆಯದೋ, ದೊಡ್ಡ ಹಳಿಯಿಂದ ಸಣ್ಣ ಹಳಿಗೆ ಇಳಿಸಿ ಏರಿಸಿದ ಗುಂತಕಲ್ಲಿನದೋ — ಹುಲಿಗೆಪ್ಪ ಕೊಪ್ಪಳ ಸ್ಟೇಷನ್ನಿನ ಗೂಡ್ಸ್ ಕಟ್ಟೆಯ ಮೇಲೆ ನಿಂತು ಆ ಮೂಲೆಯನ್ನೇ ನೋಡುತ್ತಿದ್ದ, ಇನ್ನೊಂದು ಮೊಳ ಮೇಲೆ ಏಳಪ್ಪಾ, ಗಾಜಿನ ತನಕ ಎದ್ದರೆ ಸಾಕು, ಸ್ಟೇರಿಂಗು ಎಡಕ್ಕಿದೆಯೋ ಬಲಕ್ಕಿದೆಯೋ ಅಷ್ಟು ತೋರಿಸು. ಎಡಕ್ಕಿದ್ದರೆ ಅವನು ಮತ್ತೆ ಡ್ರೈವರ್. ಬಲಕ್ಕಿದ್ದರೆ ಹೆಂಡತಿಯ ಕೊರಳಿನ ಬಂಗಾರದ ಬೋರಮಾಳ ಹೋದದ್ದು ಹೋಯಿತು, ಗಂಗಾವತಿಯ ಅಕ್ಕಿ ಮಿಲ್ಲಿನ ಗೇಟಿನಲ್ಲಿ ಸ್ಟೂಲಿನ ಮೇಲೆ ಕೂತು ಚೀಟಿ ಹರಿಯುತ್ತಲೇ ಮುದುಕನಾಗಬೇಕು. ಬಲಗೈ ನೋಡಿಕೊಂಡ, ಅಂಗೈ ಇದೆ, ಹೆಬ್ಬೆರಳಿದೆ, ಉಳಿದ ನಾಲ್ಕನ್ನು ಮೂರು ವರ್ಷದ ಹಿಂದೆ, ಎಪ್ಪತ್ತಾರರಲ್ಲಿ, ಮಿಲ್ಲಿನ ಬೆಲ್ಟು ಒಯ್ದಿತ್ತು — ನಮ್ಮ ಗಾಡಿಗಳಲ್ಲಿ ಎಡಗೈ ಗೇರು ಹಾಕುವಾಗ ಸ್ಟೇರಿಂಗು ಹಿಡಿಯಬೇಕಾದದ್ದು ಬಲಗೈ, ಬೆರಳಿಲ್ಲದ ಅಂಗೈ ಏನು ಹಿಡಿದೀತು, ಜಾರುತ್ತದೆ, ಒಮ್ಮೆ ನೋಡಿದ್ದೂ ಆಯಿತು, ಮಿಲ್ಲಿನ ಸಾಹುಕಾರನ ಲಾರಿ ಸಿದ್ದಾಪುರದ ಕಾಲುವೆ ದಂಡೆಯಲ್ಲಿ ಒಂದು ಗಾಲಿ ಗಾಳಿಗೆ ಬಿಟ್ಟು ನಿಂತಿತು, ಸಾಕ ಬಿಡೋ ಹುಲಿಗೆಪ್ಪ, ಗೇಟ ಕಾಕ್ಕೊಂಡಿರು, ಆ ಕೈಲೆ ನೀ ಇನ್ನ ಎತ್ತಿನ ಬಂಡಿನೂ ಹೊಡಿಯಾಂಗಿಲ್ಲ, ಅಂದ ಸಾಹುಕಾರ. ಅವತ್ತಿನಿಂದ ಆ ಸ್ಟೂಲು.

ಆದರೆ ಮುನಿರಾಬಾದಿನ ಡ್ಯಾಮ್ ಕ್ಯಾಂಪಿನಲ್ಲಿ ಆ ಜೀಪು ನಿಂತಿತ್ತಲ್ಲ, ದೊಡ್ಡ ಯುದ್ಧದ ಕಾಲದಲ್ಲಿ ಅಮೇರಿಕದ ಪಟಾಲಮ್ಮಿನವರು ಬಿಟ್ಟುಹೋದದ್ದು, ಸ್ಟೇರಿಂಗು ಎಡಕ್ಕೆ, ಗೇರು ಬಲಗೈಗೆ, ಅದನ್ನು ನೋಡಿ ಅವನು ಅಲ್ಲೇ ನಿಂತುಬಿಟ್ಟಿದ್ದ, ಗೇರು ಹಾಕಲಿಕ್ಕೆ ಬೆರಳು ಯಾಕೆ ಬೇಕು, ಅಂಗೈಯಿಂದ ದೂಡಿದರೆ ಸಾಕು, ಎಳೆದರೆ ಸಾಕು. ಮನೆಗೆ ಬಂದವನೇ ಮಣೆಯ ಮೇಲೆ ಕೂತು ಎಡಗೈಯಲ್ಲಿ ಜರಡಿ ಹಿಡಿದ, ಬಲಕ್ಕೆ ಒನಕೆ ನಿಲ್ಲಿಸಿ ಕಾಲಸಂದಿಯಲ್ಲಿ ಅದುಮಿಕೊಂಡ, ಬಾಯಲ್ಲಿ ಬುರ್ರ್ ಅನ್ನುತ್ತ ಒನಕೆ ದೂಡಿದ, ಜರಡಿ ತಿರುವಿದ, ಹೆಂಡತಿ ಯಮನೂರಮ್ಮ ಬಾಗಿಲಲ್ಲಿ ನಿಂತು ನಕ್ಕು ನಕ್ಕು ಕೂತೇಬಿಟ್ಟಳು, ಎಲ್ಲಿಗೆ ಹೊಂಟೀರಿ, ಕುಷ್ಟಗಿಗೋ ಯಲಬುರ್ಗಿಗೋ, ನಂಗೂ ಹತ್ತಿಸ್ಕೊಳ್ರಿ. ಆಮೇಲೆ ನಗು ನಿಲ್ಲಿಸಿ ಅವನ ಮುಖ ನೋಡಿದಳು, ಏನನ್ನಿಸಿತೋ, ಸೆರಗಿನಿಂದ ಕಣ್ಣೊರೆಸಿಕೊಂಡು, ಅಂಥ ಗಾಡಿ ಎಲ್ಯಾರ ಸಿಗತೈತೇನ್ರಿ ಅಂದಳು. ಎರಡು ವರ್ಷ ಹುಡುಕಿದ್ದಾಯಿತು, ಬಳ್ಳಾರಿ, ಹುಬ್ಬಳ್ಳಿ, ಎಲ್ಲೂ ಇಲ್ಲ, ಇದ್ದ ಒಂದೆರಡರ ಸ್ಟೇರಿಂಗನ್ನೂ ಮಂದಿ ಬಲಕ್ಕೆ ಬದಲಾಯಿಸಿಕೊಂಡಿದ್ದರು, ಕಡೆಗೆ ವೆಂಕೋಬ ಮಾಸ್ತರು ಇಂಗ್ಲಿಷ್ ಪೇಪರಿನ ಮೂಲೆಯಲ್ಲಿ ನಾಲ್ಕು ಸಾಲು ಹುಡುಕಿ ತಂದರು, ಕಲಕತ್ತೆ, ಡಾಜ್ ಪಿಕಪ್, ಮಿಲಿಟರಿಯದು, ಮಾರುವುದಿದೆ. ಮಾಸ್ತರು ಬರೆದರು, ಸ್ಟೇರಿಂಗು ಯಾವ ಕಡೆ ಅಂತ ಒಂದೇ ಪ್ರಶ್ನೆ, ಅಡಿಗೆರೆ ಹಾಕಿ ಬರೆದರು, ಉತ್ತರ ಬಂತು, ಫೋಟೋ ಇಟ್ಟಿದ್ದೇನೆ ನೋಡಿಕೊಳ್ಳಿ.

ನೋಡಿಕೊಳ್ಳೋದೇನು, ಹದಿನೈದು ದಿನ ನೋಡಿದ್ದೇ ನೋಡಿದ್ದು. ಗಾಡಿ ಎದುರಿಗೆ ಮೂತಿ ಮಾಡಿ ನಿಂತಿದೆ, ಗಾಜಿನ ಮೇಲೆ ಬಿಸಿಲು ಬಿದ್ದು ಬೆಳ್ಳಗೆ, ಆ ಬೆಳಕಿನ ಅಂಚಿನಲ್ಲಿ ಸ್ಟೇರಿಂಗಿನ ಅರ್ಧ ಕಾಣುತ್ತದೆ, ಮುರಿದ ರೊಟ್ಟಿಯ ಹಾಗೆ ಅರ್ಧ, ಎಡಗಡೆಯೇ, ಗಾಡಿಯ ಎಡಗಡೆಯೇ — ಅವನು ಕುಣಿಯುವುದೊಂದು ಬಾಕಿ, ಅಷ್ಟರಲ್ಲಿ ಫೋಟೋ ಸ್ಟುಡಿಯೋದ ಜಿಲಾನಸಾಬ ಕನ್ನಡಕ ಏರಿಸಿ, ಹುಲಿಗೆಪ್ಪಣ್ಣ, ಒಂದ ಮಾತು, ನೆಗೆಟಿವ್ ಉಲ್ಟಾ ಇಟ್ಟು ಪ್ರಿಂಟ್ ಹಾಕಿದ್ರ ಎಡ ಬಲ ಆಕ್ಕೈತಿ, ನಮ್ಮ ಕೈಲೂ ಆಗ್ಯಾವು ಅಂಥ ತಪ್ಪು, ಏನಾರ ಅಕ್ಷರ ಇದ್ರ ನೋಡ್ರಿ, ಗೊತ್ತಾಕ್ಕೈತಿ. ಅಕ್ಷರ ಇತ್ತು, ಮೂತಿಯ ಮೇಲೊಂದು ಬೋರ್ಡಿತ್ತು, ಬಂಗಾಳಿ, ನೇರ ಇದೆಯೋ ಉಲ್ಟಾ ಇದೆಯೋ ಗಂಗಾವತಿಯಲ್ಲಿ ಯಾವ ದೇವರಿಗೆ ಗೊತ್ತು. ಗಾಡಿ ಪಕ್ಕಕ್ಕ ಒಬ್ಬ ನಿಂತಾನಲ್ಲ, ಅವನ ಅಂಗಿ ಕಿಸೆ ಯಾವ ಕಡೆ ಐತಿ, ಅದನ್ನ ನೋಡ್ರಿ, ಅಂದ ಜಿಲಾನಸಾಬ — ಅವನ ಮೈಮೇಲೆ ಬರೀ ಬನೀನು, ಮಹಾರಾಯ ಫೋಟೋಕ್ಕೆ ನಿಲ್ಲುವಾಗಲಾದರೂ ಒಂದು ಅಂಗಿ ತೊಡಬಾರದಿತ್ತೇ. ಮತ್ತೆ ಕಾಗದ ಬರೆಯೋಣ ಅನ್ನುವಷ್ಟರಲ್ಲಿ ತಂತಿ ಬಂತು, ಇನ್ನೊಬ್ಬ ಬಂದಿದ್ದಾನೆ, ಬೇಕಾದರೆ ಇವತ್ತೇ ಹಣ ಕಳಿಸಿ. ಯಮನೂರಮ್ಮ ಫೋಟೋ ಇಸಿದುಕೊಂಡು ಬೆಳಕಿಗೆ ಹಿಡಿದಳು, ಓದು ಬಾರದವಳು, ಇವ ಬೀಡಿ ಹಿಡದಾನ ನೋಡ್ರಿ, ಬಲಗೈಯಾಗ ಹಿಡದಾನ, ಗಂಡಸ್ರು ಬೀಡಿ ಬಲಗೈಲೆ ಸೇದತಾರ, ಫೋಟೋ ಬರೋಬ್ಬರಿ ಐತಿ, ಕಳಸ್ರಿ. ಅವನು ತನ್ನ ಎಡಗೈ ನೋಡಿಕೊಂಡ, ಅದರಲ್ಲಿ ಬೀಡಿ ಹೊಗೆಯಾಡುತ್ತಿತ್ತು. ಅಷ್ಟರಲ್ಲಿ ಬೋರಮಾಳ ಬಿಚ್ಚಿ ಅವಳು ಅವನ ಮುಂದಿಟ್ಟಿದ್ದಳು, ಅದರ ಹಣ ಅವತ್ತೇ ಕಲಕತ್ತೆಗೆ ಹೋಯಿತು.

ಸಹಿ ಮಾಡ್ರಿ ಮದ್ಲ, ಆಮ್ಯಾಲೆ ಬಿಚ್ಕೊಳ್ರಿ, ಗೂಡ್ಸ್ ಕಟ್ಟೆಯ ಮೇಲೆ ರೈಲ್ವೆ ಕ್ಲಾರ್ಕು ಕಾಗದ ಚಾಚಿದ, ಹುಲಿಗೆಪ್ಪ ಎಡಗೈಯಿಂದ ಸೊಟ್ಟಸೊಟ್ಟ ಸಹಿ ಮಾಡಿದ, ನೀವು ಎಡಚರೇನ್ರಿ, ಹೂಂ ಎಡಚ, ಊರಿಗೊಬ್ಬ ಎಡಚ ಇರುತ್ತಾನೆ, ಕಲಕತ್ತೆಯಂಥ ಕಲಕತ್ತೆಯಲ್ಲಿ ಎಷ್ಟು ಮಂದಿಯಿಲ್ಲ, ಬನೀನು ಹಾಕಿಕೊಂಡು ಎಡಗೈಯಲ್ಲಿ ಬೀಡಿ ಹಿಡಿದು — ಅವನು ಹಗ್ಗದ ಗಂಟಿಗೆ ಕೈ ಹಾಕಿದ, ಒಂದು ಕೈಗೆ ಬಿಚ್ಚುವ ಗಂಟಲ್ಲ ಅದು. ಸರೀರಿ ಅತ್ಲಾಗ, ಜೊತೆಗೆ ಬಂದಿದ್ದ ಯಮನೂರಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಕುಡುಗೋಲು ಹಿಡಿದು ವ್ಯಾಗನ್ ಹತ್ತಿದಳು, ಸರಕ್ ಸರಕ್, ಎರಡು ಹಗ್ಗ ಹೋದವು, ತಾಡಪತ್ರಿ ಎತ್ತಿ ಒಳಗೆ ನುಸುಳಿದಳು, ಬಾಗಿಲು ಕಿರ್ ಅಂದಿತು, ಆಮೇಲೆ ಸದ್ದಿಲ್ಲ. ಏನೈತಿ, ಏನ ಕಾಣತೈತಿ, ಬಾಯರ ಬಿಡು — ಅಳುತ್ತಿದ್ದಾಳೆ, ಬಲಕ್ಕೇ ಇದೆ, ಮುಗಿಯಿತು, ಆ ಸ್ಟೂಲು, ಆ ಚೀಟಿ, ಅವನು ಕಣ್ಣು ಮುಚ್ಚಿ ಉಳಿದ ಹಗ್ಗ ಜಗ್ಗಿದ, ಹಮಾಲರೂ ಜಗ್ಗಿದರು, ತಾಡಪತ್ರಿ ದೊಪ್ಪನೆ ಕೆಳಗೆ ಬಿತ್ತು. ಕಣ್ಣು ಬಿಟ್ಟ. ಗಾಜಿನ ಹಿಂದೆ ಯಮನೂರಮ್ಮ ಕೂತಿದ್ದಾಳೆ, ಬಲಗಡೆ ಸೀಟಿನಲ್ಲಿ, ಉಳಿದ ಗಾಡಿಗಳಲ್ಲಿ ಡ್ರೈವರ್ ಕೂರುವ ಕಡೆ, ಎರಡೂ ಕೈ ಮಡಿಲಲ್ಲಿ ಇಟ್ಟುಕೊಂಡು ಮದುವೆಗೆ ಹೊರಟವಳ ಹಾಗೆ, ಮುಂದೆ ಏನೂ ಇಲ್ಲ, ಬರೀ ತಗಡು — ಮತ್ತೆ ಆಚೆ ಕಡೆ, ಎಡಗಡೆ, ಬಿಸಿಲಿನ ಅಂಚಿನಲ್ಲಿ, ಮುರಿದ ರೊಟ್ಟಿಯ ಹಾಗೆ ಅರ್ಧ. ನಾ ಇಲ್ಲೇ ಕುಂದ್ರಲೇನ್ರಿ ಅಂದಳು.

ಡಬ್ಬಿಯಲ್ಲಿ ತಂದ ಪೆಟ್ರೋಲು ಹುಯ್ದ, ಹಮಾಲರು ದೂಡಿದರು, ಕಟ್ಟೆಯ ಇಳಿಜಾರಿನಲ್ಲಿ ಗಾಡಿ ಉರುಳಿತು, ಅಂಗೈಯಿಂದ ಗೇರು ದೂಡಿದ, ಒನಕೆಯಷ್ಟು ಭಾರವೂ ಇಲ್ಲ ಅದು, ಕ್ಲಚ್ ಬಿಟ್ಟ, ಎರಡು ಸಲ ಕೆಮ್ಮಿ ಎಂಜಿನ್ನು ಗುಡುಗಿತು, ಅವನ ಪಾದದಿಂದ ನೆತ್ತಿಯ ತನಕ ಹತ್ತಿತು ಆ ನಡುಕ, ಮೂರು ವರ್ಷವಾಗಿತ್ತು, ಖುಷಿಯಾಯಿತು, ಅಯ್ಯೋ ಎಷ್ಟು ಖುಷಿಯಾಯಿತು. ಕೊಪ್ಪಳದ ಪೇಟೆಯಲ್ಲಿ ಮಂದಿ ಯಮನೂರಮ್ಮನನ್ನು ನೋಡಿ ನಿಂತರು, ಹೆಂಗಸು ಗಾಡಿ ಹೊಡೀತಾಳಲೇ, ಕೈ ಬಿಟ್ಟು ಹೊಡೀತಾಳ, ಪೊಲೀಸನೊಬ್ಬ ಗಾಬರಿಯಾಗಿ ದಾರಿ ಬಿಟ್ಟ, ಅವಳು ಗಂಭೀರವಾಗಿ ತಲೆಯಾಡಿಸಿದಳು, ಗಿಣಗೇರಿ ದಾಟಿತು, ನಾಳೆ ಸಿದ್ದಾಪುರದ ಭತ್ತ, ನಾಡಿದ್ದು ಕುಕನೂರಿನ ಸಂತೆ, ಬಾಡಿಗೆಗೆ ಯಾರನ್ನೂ ಕೇಳಬೇಕಾಗಿಲ್ಲ, ಇನ್ನು ಮಂದಿಯೇ ಕೇಳುತ್ತಾರೆ, ಗಂಗಾವತಿ ಬಂತು, ಮಿಲ್ಲಿನ ಗೇಟು ಬಂತು, ಸ್ಟೂಲು ಖಾಲಿ, ಹಾರ್ನ್ ಒತ್ತಿದ. ಸಾಹುಕಾರ ಹೊರಗೆ ಬಂದು ಬಲಗಡೆಗೆ ನಡೆದ, ಡ್ರೈವರ್ ಎಲ್ಲಿ ಅಂತ ಬಗ್ಗಿದ, ಯಮನೂರಮ್ಮ ಅಂದಳು, ಆ ಕಡೆ ಬರ್ರಿ ಸಾವ್ಕಾರ್ರ, ಡ್ರೈವರ್ ಆ ಕಡೆ ಅದಾರ. ಸಾಹುಕಾರ ಗಾಡಿಯ ಮೂತಿಯನ್ನು ಬಳಸಿ ಬರುತ್ತಿದ್ದ, ಒಂದೊಂದೇ ಹೆಜ್ಜೆ, ಏನು ಹೇಳಬೇಕು, ಎಷ್ಟೋ ಮಾತು ಕೂಡಿಟ್ಟಿದ್ದ ಹುಲಿಗೆಪ್ಪ, ಸ್ಟೂಲಿನ ಮೇಲೆ ಕೂತು ಕೂಡಿಟ್ಟ ಮಾತು, ಒಂದೂ ನೆನಪಾಗಲಿಲ್ಲ, ಕಣ್ಣು ಕೆಳಗೆ ಹೋಯಿತು, ಎಡಗೈ ಕೆಳಗೆ ಸ್ಟೇರಿಂಗು ಬೆಚ್ಚಗಿತ್ತು, ಮುರಿದದ್ದಲ್ಲ, ಅರ್ಧವಲ್ಲ, ದುಂಡಗೆ, ಪೂರ್ತಿ ರೊಟ್ಟಿ.