ಕೊನೆಯ ಡಿಸ್ಕ್ ಮೊದಲು

ಸುಬ್ರಹ್ಮಣ್ಯ ಅವರಿಗೆ ಕಾಗದ ಎಂದರೆ ಮೊದಲಿನಿಂದಲೂ ಅಸಡ್ಡೆ. ತುಮಕೂರಿನಿಂದ ವಿಶಾಖಪಟ್ಟಣಕ್ಕೆ ವರ್ಗವಾಗಿ ಬಂದು, ವಾಪಸು ವರ್ಗ ಕೇಳುವುದನ್ನೇ ಮರೆತು, ಬ್ಯಾಂಕಿನ ಕಂಪ್ಯೂಟರ್ ವಿಭಾಗದಲ್ಲಿ ಇಪ್ಪತ್ತು ವರ್ಷ ಕೂತು, ಅಲ್ಲೇ ಪೆಂಡುರ್ತಿಯಲ್ಲಿ ಮನೆ ಕಟ್ಟಿಸಿ ನಿವೃತ್ತರಾದ ಮನುಷ್ಯ. ಒಂದು ಸಂಗತಿಯನ್ನು ಕಂಪ್ಯೂಟರಿಗೆ ಹಾಕಿದ ಮೇಲೆ ಅದರ ಕಾಗದ ಹರಿದು ಬಿಸಾಡುವುದು ಅವರಿಗೆ ಒಂದು ಹೆಮ್ಮೆ. ಹಾಗಾಗಿ ಆ ಬುಧವಾರ ಬೆಳಿಗ್ಗೆ ವಿಜಯವಾಡದಿಂದ ಅಳಿಯ ಕಿರಣ್ ಫೋನ್ ಮಾಡಿದಾಗ ಅವರು ಗಾಬರಿಯಾಗಲಿಲ್ಲ. ಗಾಬರಿಯಾದದ್ದು ಪಕ್ಕದಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದ ಅವರ ಹೆಂಡತಿ ಸುಲೋಚನಾ.

ಮಗಳು ಶ್ರೀರಕ್ಷಾಗೆ ದಿನ ತುಂಬಲು ಇನ್ನೂ ಎರಡು ವಾರವಿತ್ತು. ಬಾಣಂತನದ ಪುಡಿ, ಲೇಹ್ಯ ಕಟ್ಟಿಕೊಂಡು ಭಾನುವಾರ ಹೊರಡುವುದೆಂದು ಗಂಡಹೆಂಡತಿ ಟಿಕೆಟ್ ಮಾಡಿಸಿದ್ದರು. ಅಷ್ಟರಲ್ಲಿ ಮಗುವಿನ ಸುತ್ತಲಿನ ನೀರು ಕಡಿಮೆಯಾಗಿದೆ, ಮಗು ಅಡ್ಡ ಮಲಗಿದೆ, ನಾಳೆ ಬೆಳಿಗ್ಗೆಯೇ ಆಪರೇಷನ್ ಆಗಬೇಕು ಎಂದು ಬೆಂಜ್ ಸರ್ಕಲ್ ಹತ್ತಿರದ ಆಸ್ಪತ್ರೆಯಲ್ಲಿ ಹೇಳಿದ್ದರು. ಅದು ದಿನಾ ನಡೆಯುವ ವಿಷಯವೇ. ಆದರೆ ಅರಿವಳಿಕೆ ಕೊಡುವ ಡಾಕ್ಟರ್ ರಾಜ್ಯಲಕ್ಷ್ಮಿ ಬಂದು, ಯಾವುದಾದರೂ ಔಷಧಿ ಒಗ್ಗುವುದಿಲ್ಲವೇ ಎಂದು ಕೇಳಿದಾಗ, ಶ್ರೀರಕ್ಷಾ ಚಿಕ್ಕಂದಿನಿಂದ ಬಾಯಿಪಾಠವಾದದ್ದನ್ನು ಒಪ್ಪಿಸಿದ್ದಳು. ನಾಲ್ಕು ವರ್ಷದವಳಿದ್ದಾಗ ಟಾನ್ಸಿಲ್ ಆಪರೇಷನ್ನಿನಲ್ಲಿ ಮತ್ತಿನ ಇಂಜೆಕ್ಷನ್ ಒಗ್ಗದೆ ಮೈಯೆಲ್ಲ ನೀಲಿಗಟ್ಟಿ, ಮೂರು ದಿನ ಉಸಿರಾಟದ ಯಂತ್ರದಲ್ಲಿದ್ದಳಂತೆ. ಯಾವ ಇಂಜೆಕ್ಷನ್ ಎಂದರೆ ಅವಳಿಗೆ ಗೊತ್ತಿಲ್ಲ. ಸಂಜೆ ಐದರೊಳಗೆ ಹೆಸರು ಸಿಕ್ಕಿದರೆ ಅದೊಂದನ್ನು ಬಿಟ್ಟು ಬೇರೆ ಕೊಡುತ್ತೇನೆ, ಸಿಗದಿದ್ದರೆ, ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಮಾಡಿದರೂ ನಡುವೆ ಪೂರ್ತಿ ಮತ್ತು ಕೊಡಬೇಕಾಗಿ ಬರಬಹುದು, ಇಲ್ಲಿ ನಾನು ಕೈ ಹಾಕುವುದಿಲ್ಲ, ಆಂಬುಲೆನ್ಸಿನಲ್ಲಿ ಹೈದರಾಬಾದಿಗೆ ಕಳಿಸಬೇಕಾಗುತ್ತದೆ ಎಂದು ಡಾಕ್ಟರ್ ಖಡಾಖಂಡಿತವಾಗಿ ಹೇಳಿಬಿಟ್ಟರು. ತುಂಬು ಬಸುರಿ, ಐದಾರು ಗಂಟೆಯ ದಾರಿ.

"ಹೆಸರು ನನ್ನ ಹತ್ರ ಇದೆ. ಸಂಜೆ ಯಾಕೆ, ಮಧ್ಯಾಹ್ನಕ್ಕೇ ಹೇಳ್ತೀನಿ" ಎಂದು ಸುಬ್ರಹ್ಮಣ್ಯ ಫೋನಿಟ್ಟು ಅಟ್ಟಕ್ಕೆ ಏಣಿ ಹಾಕಿದರು.

ಇಪ್ಪತ್ಮೂರು ವರ್ಷದ ಹಿಂದೆ ಅವರು ನರ್ಸಿಂಗ್ ಹೋಮಿನ ಕೇಸ್ ಶೀಟಿನಿಂದ ಕೊಟ್ಟ ಔಷಧಿಗಳನ್ನೆಲ್ಲ ಒಂದೊಂದಾಗಿ ಬರೆದುಕೊಂಡು ಬಂದು ಮನೆಯ ಕಂಪ್ಯೂಟರಿನಲ್ಲಿ ಟೈಪ್ ಮಾಡಿದ್ದರು. ಎರಡು ವರ್ಷದ ಮೇಲೆ ಆ ಯಂತ್ರ ಮಾರುವಾಗ, ಅದರೊಳಗಿದ್ದ ಕಡತಗಳನ್ನೆಲ್ಲ ಕುಗ್ಗಿಸಿ ಒಂದೇ ಗಂಟು ಮಾಡಿ, ಆ ಗಂಟನ್ನು ಆರು ಫ್ಲಾಪಿ ಡಿಸ್ಕುಗಳಿಗೆ ಹಂಚಿ ಇಟ್ಟಿದ್ದರು. ಆಗಿನ ಯಂತ್ರಗಳಲ್ಲಿ ಜಾಗ ಅಷ್ಟು ಇಕ್ಕಟ್ಟು, ಎಲ್ಲರೂ ಹೀಗೇ ಮಾಡುತ್ತಿದ್ದರು. ಆ ನರ್ಸಿಂಗ್ ಹೋಮ್ ಯಾವಾಗಲೋ ಮುಚ್ಚಿ ಅಲ್ಲೀಗ ಸೀರೆ ಅಂಗಡಿ ಇದೆ. ಉಳಿದಿರುವುದು ಆ ಆರು ಫ್ಲಾಪಿ ಮಾತ್ರ.

ಫ್ಲಾಪಿ ಓದುವ ಯಂತ್ರ 2017ರಲ್ಲಿ ಯಾರ ಬಳಿ ಇರಬೇಕು? ನಾಲ್ಕಾರು ಕಡೆ ಫೋನ್ ಮಾಡಿದ ಮೇಲೆ ಎಂವಿಪಿ ಕಾಲೋನಿಯ ಫಣಿಯ ಸುಳಿವು ಸಿಕ್ಕಿತು. ಐವತ್ತು ದಾಟಿದ ರಿಪೇರಿ ಮನುಷ್ಯ. ಊರಿನ ಕೆಲವು ಕಾರ್ಖಾನೆಗಳ ಹಳೆಯ ಯಂತ್ರಗಳು ಈಗಲೂ ಫ್ಲಾಪಿಯನ್ನೇ ಕೇಳುವುದರಿಂದ ಒಂದು ಹಳೆಯ ಕಂಪ್ಯೂಟರನ್ನು ಸಾಕಿಕೊಂಡಿದ್ದ. ಫ್ಲಾಪಿಗಳ ಡಬ್ಬಿಯನ್ನು ಬಗಲಲ್ಲಿಟ್ಟುಕೊಂಡು ಗಂಡಹೆಂಡತಿ ಆಟೋ ಹತ್ತಿದರು. ದಾರಿಯುದ್ದಕ್ಕೂ ಸುಬ್ರಹ್ಮಣ್ಯ ಆ ಕುಗ್ಗಿಸುವ ಪ್ರೋಗ್ರಾಮಿನ ಗುಣಗಾನ ಮಾಡಿದರು. ಒಂದಕ್ಷರವೂ ಆಚೀಚೆಯಾಗುವುದಿಲ್ಲವಂತೆ, ಇಟ್ಟದ್ದು ಇಟ್ಟ ಹಾಗೇ ಈಚೆ ಬರುತ್ತದಂತೆ.

ಸುಲೋಚನಾ ಹೂಂಗುಟ್ಟುತ್ತಿದ್ದಳು, ಕೇಳುತ್ತಿರಲಿಲ್ಲ. ಅವಳ ಯೋಚನೆಯೇ ಬೇರೆ. ಆ ಆಪರೇಷನ್ನಿನ ದಿನ ಬೆಳಗಿನ ಜಾವ ಗಂಡ ಔಷಧಿ ತರಲು ಹೋಗಿದ್ದಾಗ, ಹಸಿವೆ ಹಸಿವೆ ಎಂದು ಕಾಲಿಗೆ ಬಿದ್ದು ಅಳುತ್ತಿದ್ದ ಮಗುವಿಗೆ ಅವಳು ಒಂದು ಲೋಟ ಹಾಲು ಕುಡಿಸಿದ್ದಳು. ಏನೂ ಕೊಡಬಾರದು ಎಂದು ಹಿಂದಿನ ದಿನವೇ ಹೇಳಿದ್ದರು. ಹಾಲು ತಾನೆ, ನೀರಿನ ಹಾಗೆ ಕರಗಿಹೋಗುತ್ತದೆ ಅಂದುಕೊಂಡಳು. ಸಿಸ್ಟರ್ ಬಂದು ಕೇಳಿದಾಗ ಬೈಸಿಕೊಳ್ಳಬೇಕಾಗುತ್ತದೆಂದು ಏನೂ ಕೊಟ್ಟಿಲ್ಲ ಎಂದಳು. ಮಗು ಟೇಬಲ್ಲಿನ ಮೇಲೆ ವಾಂತಿ ಮಾಡಿಕೊಂಡು ಉಸಿರು ಕಟ್ಟಿತು. ಯಾವುದೋ ಇಂಜೆಕ್ಷನ್ ಒಗ್ಗಲಿಲ್ಲವೆಂದು ಅಲ್ಲಿಯ ಡಾಕ್ಟರೂ ಹೆಚ್ಚು ಕೆದಕದೆ ಹೇಳಿ ಕೈತೊಳೆದುಕೊಂಡರು. ಆ ಮಾತನ್ನು ಸುಲೋಚನಾ ಗಟ್ಟಿಯಾಗಿ ಹಿಡಿದುಕೊಂಡಳು. ಮುಳುಗುವವಳ ಕೈಗೆ ಅಷ್ಟು ಸಿಕ್ಕಿದರೆ ಸಾಕಲ್ಲ.

ಒಮ್ಮೊಮ್ಮೆ ಇಂಜೆಕ್ಷನ್ನೇ ಇದ್ದೀತು ಎಂದು ಅವಳಿಗೇ ನಂಬಿಕೆ ಬರುತ್ತಿತ್ತು. ಇವತ್ತು ಆ ನಂಬಿಕೆಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಕೂತಿದ್ದಳು. ಫ್ಲಾಪಿ ತೆರೆಯಲಿ, ಏನೋ ಒಂದು ಹೆಸರು ಸಿಗಲಿ, ಡಾಕ್ಟರು ಅದನ್ನು ಬಿಟ್ಟು ಇನ್ನೊಂದು ಕೊಡಲಿ, ಮಗು ಹುಟ್ಟಲಿ. ತಾನು ಬಾಯಿ ಬಿಡುವ ಪ್ರಸಂಗವೇ ಬಾರದಿರಲಿ ಎಂದು ಇರುವ ದೇವರಿಗೆಲ್ಲ ಹರಕೆ ಹೊತ್ತಳು.

ಫಣಿ ಅಂಗಡಿಯಲ್ಲಿ ಮೊದಲ ಡಿಸ್ಕ್ ಹಾಕಿ, ಹಳೆಯ ಪ್ರೋಗ್ರಾಮಿಗೆ ಕಪ್ಪು ಪರದೆಯ ಮೇಲೆ ಆಜ್ಞೆ ಕೊಟ್ಟ. ಅದು ಒಪ್ಪಲಿಲ್ಲ, ಕೊನೆಯ ಡಿಸ್ಕ್ ಹಾಕಿ ಎಂದಿತು. ಸುಬ್ರಹ್ಮಣ್ಯ ನಕ್ಕು, ಇದು ಇರುವುದೇ ಹೀಗೆ, ಯಾವ ಕಡತ ಯಾವ ಡಿಸ್ಕಿನಲ್ಲಿದೆ ಎಂಬ ಪಟ್ಟಿಯನ್ನು ಅದು ಎಲ್ಲದರ ಕೊನೆಯಲ್ಲಿ ಬರೆದಿಡುತ್ತದೆ, ಅದಕ್ಕೇ ಆರನೆಯದನ್ನು ಮೊದಲು ಕೇಳುತ್ತದೆ ಎಂದು ವಿವರಿಸಿದರು. ಡಬ್ಬಿಯಲ್ಲಿ ಎಲ್ಲದಕ್ಕಿಂತ ಮೇಲಿದ್ದ ಆರನೆಯದನ್ನು ಫಣಿ ಹಾಕಿದ. ಡ್ರೈವು ಕರಕರ ಎಂದಿತು, ನಿಂತಿತು, ಮತ್ತೆ ಕರಕರ ಎಂದಿತು. ಓದಲಾಗುತ್ತಿಲ್ಲ ಎಂದು ಪರದೆ ಹೇಳಿತು.

ಫಣಿ ಡಿಸ್ಕನ್ನು ಈಚೆಗೆ ತೆಗೆದು ಅದರ ಹೊಳೆಯುವ ತಗಡಿನ ಬಾಗಿಲನ್ನು ಉಗುರಿನಿಂದ ಸರಿಸಿದ. ಒಳಗಿನಿಂದ ಕೆಂಪು ಪುಡಿ ಮೇಜಿನ ಮೇಲೆ ಉದುರಿತು. ಕುಂಕುಮ. ಹಾಕಿದವರು ಯಾರೆಂದು ಸುಲೋಚನಾಗೆ ಯಾರೂ ಹೇಳಬೇಕಾಗಿರಲಿಲ್ಲ. ಪ್ರತಿ ಆಯುಧಪೂಜೆಗೂ ಸ್ಕೂಟರು, ಹೊಲಿಗೆ ಯಂತ್ರ, ಈಳಿಗೆಮಣೆಗಳ ಜೊತೆ ಗಂಡನ ವಿದ್ಯೆಯ ಗುರುತೆಂದು ಈ ಡಬ್ಬಿಯನ್ನೂ ಅಟ್ಟದಿಂದ ಇಳಿಸಿ, ಮುಚ್ಚಳ ತೆಗೆದು, ಮೇಲಿನ ಫ್ಲಾಪಿಗೆ ಒದ್ದೆ ಬೆರಳಿನಿಂದ ಅರಿಶಿನ ಕುಂಕುಮ ಹಚ್ಚಿ ಹೂವಿಡುತ್ತಿದ್ದಳು. ತಗಡು ಬೆಳ್ಳಿಯ ಹಾಗಿದೆ ಎಂದು ಸರಿಯಾಗಿ ಅದರ ಮೇಲೆಯೇ. ಇಪ್ಪತ್ತು ವರ್ಷ ಒಂದೂ ತಪ್ಪಿಸಿರಲಿಲ್ಲ, ಮಂಗಳಾರತಿ ಎತ್ತುವಾಗ ಸುಬ್ರಹ್ಮಣ್ಯ ಪಕ್ಕದಲ್ಲೇ ನಿಂತು ಗಂಟೆ ಬಾರಿಸುತ್ತಿದ್ದರು.

ಅವರು ಈಗಲೂ ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಹಗುರಾಗುತ್ತಿತ್ತೇನೋ. ಹತ್ತಿಗೆ ಸ್ಪಿರಿಟ್ ಹಚ್ಚಿ ಫಣಿ ಅರ್ಧ ಗಂಟೆ ಒರೆಸಿದ. ಒಳಗಿನ ಕಪ್ಪು ಹಾಳೆಯ ಮೇಲೆ ಗೆರೆ ಎದ್ದಿತ್ತು, ಅದು ಹೋಗಲಿಲ್ಲ. ಕೊನೆಗೆ ಪಟ್ಟಿಯಿಲ್ಲದಿದ್ದರೂ ಉಳಿದ ಐದು ಡಿಸ್ಕುಗಳಲ್ಲಿ ಸಿಕ್ಕಷ್ಟನ್ನು ಕಿತ್ತು ತೆಗೆಯುತ್ತೇನೆಂದು ಬೇರೊಂದು ಪ್ರೋಗ್ರಾಂ ಹಚ್ಚಿದ. ಮೂರೂವರೆಯ ಹೊತ್ತಿಗೆ ಕಡತಗಳ ಹೆಸರುಗಳು ಪರದೆಯ ಮೇಲೆ ಒಂದೊಂದಾಗಿ ಏರತೊಡಗಿದವು. ಬ್ಯಾಂಕಿನ ಸುತ್ತೋಲೆಗಳು, ಯಾರದೋ ಜಾತಕ, ಕನ್ನಡ ಸಂಘದ ರಾಜ್ಯೋತ್ಸವಕ್ಕೆ ಮಾಡಿದ ಭಾಷಣ. ಎಲ್ಲವೂ ಇಂಗ್ಲಿಷ್ ಅಕ್ಷರಗಳ ಸರದಿಯಲ್ಲಿದ್ದವು. ಸುಬ್ರಹ್ಮಣ್ಯ ಪರದೆಗೆ ಮೂಗು ತಾಗಿಸಿಕೊಂಡು ಓದುತ್ತಿದ್ದರು. ಪಿ ಬಂತು, ಆರ್ ಬಂತು, ಅಲ್ಲಿಗೆ ಐದನೇ ಡಿಸ್ಕ್ ಮುಗಿಯಿತು. ಮಗಳ ಹೆಸರಿನಲ್ಲಿಟ್ಟ ಕಡತ ಆರನೆಯದರಲ್ಲಿತ್ತು.

ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ಕಿರಣ್ ಮತ್ತೆ ಫೋನ್ ಮಾಡಿದ. ಆಂಬುಲೆನ್ಸ್ ಬಂದು ನಿಂತಿದೆಯಂತೆ. ಶ್ರೀರಕ್ಷಾ ಅಳುತ್ತಿದ್ದಾಳಂತೆ, ದಾರಿಯಲ್ಲೇ ಏನಾದರೂ ಆದರೆ ಎಂದು ಒಂದೇ ಸಮನೆ ಕೇಳುತ್ತಿದ್ದಾಳಂತೆ. ಸುಬ್ರಹ್ಮಣ್ಯ ಇನ್ನೊಂದು ಅರ್ಧ ಗಂಟೆ ಕೊಡಿ ಎಂದು ಅಳಿಯನನ್ನು ಬೇಡಿಕೊಂಡರು. ಯಾರ ಮುಂದೆಯೂ ಬಗ್ಗದ ಮನುಷ್ಯ ಫಣಿಯ ಮುಂದೆಯೂ ಕೈಮುಗಿದರು. ಆರನೆಯದು ಇನ್ನು ಓದುವುದಿಲ್ಲ ಎಂದ ಫಣಿ. ಈಗ ಹೇಳದಿದ್ದರೆ ಮಗಳು ಆಂಬುಲೆನ್ಸ್ ಹತ್ತುತ್ತಾಳೆ. ಸುಲೋಚನಾ ಗಂಡನ ಕೈಯಿಂದ ಫೋನನ್ನು ಕಿತ್ತುಕೊಂಡಳು.

"ಕಿರಣ್, ಡಾಕ್ಟರಮ್ಮನ ಕೈಗೆ ಕೊಡಿ. ಸ್ಪೀಕರ್ ಹಾಕಿ, ಶ್ರೀರಕ್ಷಾನೂ ಕೇಳಿಸ್ಕೊಳ್ಳಲಿ."

ಡಾಕ್ಟರಿಗೆ ತನ್ನ ಮೂವತ್ತು ವರ್ಷದ ತೆಲುಗಿನಲ್ಲಿ ಎಲ್ಲವನ್ನೂ ಹೇಳಿದಳು. ಹಾಲು, ಸಿಸ್ಟರಿಗೆ ಹೇಳಿದ ಸುಳ್ಳು, ವಾಂತಿ, ಆಮೇಲಿನ ಮೌನ, ಒಂದನ್ನೂ ಬಿಡಲಿಲ್ಲ. ಡಾಕ್ಟರ್ ರಾಜ್ಯಲಕ್ಷ್ಮಿ ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಮೈಮೇಲೆ ದದ್ದು ಎದ್ದಿತ್ತೇ, ಮುಖ ಊದಿತ್ತೇ, ಆಪರೇಷನ್ನಿಗೆ ಎಷ್ಟು ಹೊತ್ತು ಮೊದಲು ಹಾಲು ಕುಡಿದಿತ್ತು ಎಂದು ಒಂದೊಂದಾಗಿ ಕೇಳಿದರು. ದದ್ದೂ ಇಲ್ಲ, ಊತವೂ ಇಲ್ಲ ಎಂದಾದ ಮೇಲೆ, ಹಾಗಿದ್ದರೆ ಇದು ಔಷಧಿಯ ದೋಷದ ಹಾಗೆ ಕಾಣುವುದಿಲ್ಲ, ಹಾಲು ಶ್ವಾಸಕೋಶಕ್ಕೆ ಹೋಗಿರಬೇಕು, ನಾನು ಎಚ್ಚರಿಕೆಯಿಂದ ಇಲ್ಲೇ ಮಾಡುತ್ತೇನೆ, ಆಂಬುಲೆನ್ಸ್ ಬೇಡ ಎಂದರು.

ಸುಬ್ರಹ್ಮಣ್ಯ ಆರನೆಯ ಫ್ಲಾಪಿಯನ್ನು ಹಿಡಿದುಕೊಂಡು ಸ್ಟೂಲಿನ ಮೇಲೆ ಕೂತಿದ್ದರು. ಬೆರಳಿಗೆಲ್ಲ ಕೆಂಪು ಮೆತ್ತಿತ್ತು.

"ಇಪ್ಪತ್ಮೂರು ವರ್ಷ ಆಯ್ತಲ್ಲೇ" ಎಂದರು. ಅಷ್ಟೇ. ಪೆಂಡುರ್ತಿಗೆ ಹೋಗಿ ಬಟ್ಟೆ ತುಂಬಿಕೊಂಡು ಇಬ್ಬರೂ ವಿಜಯವಾಡದ ರೈಲು ಹತ್ತಿದರು.

ಬೆನ್ನಿಗೆ ಇಂಜೆಕ್ಷನ್ ಕೊಟ್ಟೇ ಆಪರೇಷನ್ ಮಾಡಿದರು. ಏನೂ ಆಗಲಿಲ್ಲ. ಹೆಣ್ಣು ಮಗು, ಎರಡೂಮುಕ್ಕಾಲು ಕೆಜಿ. ಮರುದಿನ ಬೆಳಿಗ್ಗೆ ಕಿರಣ್ ಮಾವನವರನ್ನು ಕಾಫಿಗೆ ಕರೆದುಕೊಂಡು ಹೋಗಿದ್ದ. ವಾರ್ಡಿನಲ್ಲಿ ತಾಯಿ ಮಗಳು ಇಬ್ಬರೇ. ಸುಲೋಚನಾ ಮಗುವನ್ನು ಮಡಿಲಲ್ಲಿಟ್ಟುಕೊಂಡು, ಮೊನ್ನೆಯಿಂದ ಮೊದಲ ಬಾರಿಗೆ ಮೈ ಸಡಿಲಿಸಿ ಕೂತಿದ್ದಳು. ಎಲ್ಲ ಕಳೆಯಿತು, ಮಗಳು ಕ್ಷಮಿಸಿದ್ದಾಳೆ ಅಂದುಕೊಂಡಳು.

ಶ್ರೀರಕ್ಷಾ ಫ್ಯಾನನ್ನು ನೋಡುತ್ತ ಮಲಗಿದ್ದವಳು ಎಡಗೈಯನ್ನು ಹೊದಿಕೆಯಿಂದ ಈಚೆಗೆ ತೆಗೆದಳು. ಮಣಿಕಟ್ಟು ಸ್ವಲ್ಪ ಸೊಟ್ಟಗಿತ್ತು.

"ಅಮ್ಮಾ, ಎಂಟನೇ ಕ್ಲಾಸಲ್ಲಿ ಸೈಕಲಿಂದ ಬಿದ್ದು ನನ್ನ ಕೈ ಮುರೀತಲ್ಲ. ಮತ್ತು ಕೊಟ್ಟರೆ ಸತ್ತುಹೋಗ್ತೀನಿ ಅಂತ ಏನೂ ಕೊಡ್ದೇನೇ ಇಬ್ಬರು ಎಳೆದು ಕೂಡಿಸಿದ್ರು. ನನ್ನ ಭುಜ ಅದುಮಿ ಹಿಡ್ಕೊಂಡಿದ್ದು ನೀನು. ಆಗ್ಲೂ ನಿಂಗೆ ಗೊತ್ತಿತ್ತಾ?"

ಇಲ್ಲ ಎಂದುಬಿಡಬಹುದಿತ್ತು. ಆಮೇಲೆ ಹೊಳೆಯಿತು ಎನ್ನಬಹುದಿತ್ತು. ಸುಲೋಚನಾ ಎರಡನ್ನೂ ಯೋಚಿಸಿದಳು.

"ಗೊತ್ತಿತ್ತು" ಎಂದಳು.

ಶ್ರೀರಕ್ಷಾ ಅಳಲಿಲ್ಲ, ಕೂಗಾಡಲಿಲ್ಲ. ಹೊಲಿಗೆಯ ನೋವಿಗೆ ತುಟಿ ಕಚ್ಚಿಕೊಂಡು ಪಕ್ಕಕ್ಕೆ ಹೊರಳಿ ಎರಡೂ ಕೈ ಚಾಚಿದಳು.

"ಮಗೂನ ಕೊಡು."

ಸುಲೋಚನಾ ಕೊಟ್ಟಳು.